ಅಕ್ಕಯ್ಯಮ್ಮನಿಗೆ ಕೆಂಗೇರಿ ಯಾಕೆ ಬೇಡವಾಯಿತು

ಇನ್ನೂ ಸೂರ್ಯ ಹುಟ್ಟಿಲ್ಲ. ಕುರುಬರಹಳ್ಳಿಯ ಕುಂಟೆಯಲ್ಲಿ ಮೊಣಕಾಲುದ್ದ ನೀರಿಗಿಳಿದು ಅಕ್ಕಯ್ಯಮ್ಮ ಕಲ್ಲಿಗೆ ಪಂಚೆ ಬಡಿಯುತ್ತಿದ್ದಾರೆ. ರಾಜಾಜಿನಗರದ ಗುಮಾಸ್ತರು ಗರಿಗರಿ ಅಂಗಿ ತೊಟ್ಟು ಹತ್ತು ಗಂಟೆಗೆ ಕಚೇರಿಗೆ ಹೊರಡುತ್ತಾರಲ್ಲ, ಆ ಠೀವಿಯೆಲ್ಲ ಈ ಕಲ್ಲಿನದು. ಇದು ಯಾರಿಗೂ ಗೊತ್ತಿಲ್ಲವೆಂದಲ್ಲ. ಗೊತ್ತಿದ್ದವರು ಬಾಯಿ ಬಿಡುವುದಿಲ್ಲ, ಅಷ್ಟೇ.

ಮಡಿವಾಳರ ಅಕ್ಕಯ್ಯಮ್ಮನಿಗೆ ನಲವತ್ತಾರು. ಗಂಡ ತೀರಿಕೊಂಡು ಆರು ವರ್ಷವಾಯಿತು. ಇಬ್ಬರು ಹೆಣ್ಣುಮಕ್ಕಳು, ಎರಡು ಕತ್ತೆ, ಇಪ್ಪತ್ತಮೂರು ಕಾಯಂ ಮನೆ. ದಿನಕ್ಕೆ ನೂರೈವತ್ತು ಬಟ್ಟೆಗೆ ಮೋಸವಿಲ್ಲ. ಕೈಬೆರಳೆಲ್ಲ ಒಗೆಯುವ ಸೋಡಾಕ್ಕೆ ಸಿಪ್ಪೆ ಸುಲಿದಿದೆ. ಅದನ್ನು ಕೇಳಿದರೆ ನಕ್ಕು, ಅದಿರಲಿ, ನಿಮ್ಮ ಕಾಲರ್ ನಿನ್ನೆಯದು, ಒಗೆಯಲು ಹಾಕಿ ಅನ್ನುತ್ತಾರೆ.

ಇದ್ದಕ್ಕಿದ್ದಂತೆ ಅವರಿಗೆ ಮನೆಯ ಚಿಂತೆ ಬಂದದ್ದು ಹೋದ ವರ್ಷ. ಅವರ ಶೆಡ್ಡಿದ್ದ ಜಾಗಕ್ಕೆ ಬಡಾವಣೆಯ ಗೂಟ ಬಿತ್ತು. ಯುಗಾದಿಯೊಳಗೆ ಖಾಲಿ ಮಾಡಿ ಎಂದರು. ಮೈದುನ ಚಿಕ್ಕಮುನಿಯಪ್ಪ ಓಡಾಡಿ ಕೆಂಗೇರಿಯಲ್ಲಿ ನಲವತ್ತು ಅರವತ್ತರ ಸೈಟು ನೋಡಿಯೇಬಿಟ್ಟ. ಅದೇ ದುಡ್ಡಿಗೆ ಹತ್ತಿರದ ಮಾರೇನಹಳ್ಳಿಯಲ್ಲಿ ಸಿಗುವುದು ಇಪ್ಪತ್ತು ಮೂವತ್ತು. ಕೆಂಗೇರಿಯಲ್ಲಿ ಸಿಹಿನೀರ ಬಾವಿ, ಒಣಹಾಕಲು ಬಯಲು, ಮೇಲಾಗಿ ರೈಲು. ನೆಂಟರಿಷ್ಟರೆಲ್ಲ ಹೂಂ ಅಂದರು. ಹೆಬ್ಬೆಟ್ಟು ಒತ್ತುವುದೊಂದೇ ಬಾಕಿ.

ಅಕ್ಕಯ್ಯಮ್ಮ ಒತ್ತಲಿಲ್ಲ. ಹೊಸ ಬಣ್ಣದ ಸೀರೆ ಒಗೆಯಲು ಬಂದರೆ ಅವರು ಮೊದಲು ಸೆರಗಿನ ತುದಿಯನ್ನಷ್ಟೇ ನೆನೆಸಿ, ಬಣ್ಣ ಬಿಡುತ್ತದೆಯೇ ಎಂದು ನೋಡುವವರು. ಸೈಟಿನ ತುದಿಯನ್ನೂ ನೆನೆಸಿ ನೋಡುತ್ತೇನೆಂದು ಹಟ ಹಿಡಿದರು. ಕೆಂಗೇರಿಯ ನೆಂಟರ ಜಗಲಿಯಲ್ಲಿ ಮಕ್ಕಳ ಸಮೇತ ಒಂದು ವಾರ ಬಿಡಾರ ಹೂಡಿ, ಆಗಿದ್ದ ಇಪ್ಪತ್ತನಾಲ್ಕು ಮನೆಯನ್ನು ಅಲ್ಲಿಂದಲೇ ನಿಭಾಯಿಸುವುದು. ಹೆಂಗಸಿನ ಹುಚ್ಚು ಎಂದು ಜನ ನಕ್ಕರು. ನಗಲಿ ಬಿಡಿ, ನಗುವವರ ಬಟ್ಟೆಯನ್ನೂ ಅವರೇ ಒಗೆಯಬೇಕಲ್ಲ!

ಮೊದಲ ದಿನವೇ ರೈಲಿನ ಬಂಡವಾಳ ಬಯಲಾಯಿತು. "ರೈಲು ನನ್ನ ಹತ್ತಿಸ್ಕೊಳ್ತದೆ ಕಣಪ್ಪಾ, ಕತ್ತೆ ಹತ್ತಿಸ್ಕೊಳ್ತದಾ?" ಎಂದು ಮೈದುನನನ್ನು ಕೇಳಿದರಂತೆ. ಏಳೆಂಟು ಮೈಲಿ ಕತ್ತೆಯ ಹಿಂದೆ ನಡೆದರು. ಕಾಲಿಗೆ ಬೊಬ್ಬೆ ಬಂತು, ಅದಕ್ಕೂ ಜಗ್ಗಲಿಲ್ಲ.

ಜಗ್ಗಿದ್ದು ನಾಲ್ಕನೆಯ ದಿನ. ಅವರ ಕಾಯಂ ಮನೆಗಳಲ್ಲೊಂದಾದ ಚನ್ನಕೇಶವ ಅವರ ಮನೆಯಲ್ಲಿ ಸೊಸೆಗೆ ಹೆರಿಗೆಯಾಯಿತು. ಹೆರಿಗೆ ಕೋಣೆಯ ಬಟ್ಟೆಯನ್ನು ಮನೆಯವರು ಮುಟ್ಟುವಂತಿಲ್ಲ. ಮಡಿವಾಳಗಿತ್ತಿ ಬಂದು ಒಯ್ಯುವ ತನಕ ಹಿರಿಯರಿಗೆ ಒಂದು ಲೋಟ ನೀರೂ ಇಳಿಯದು. ಕುರುಬರಹಳ್ಳಿಗೆ ಆಳು ಓಡಿದ. ಶೆಡ್ಡಿಗೆ ಬೀಗ, ಅಕ್ಕಯ್ಯಮ್ಮ ಕೆಂಗೇರಿಯಲ್ಲಿ. ಸಂಜೆಯವರೆಗೆ ಕಾದು, ಅವರು ಬೇರೊಬ್ಬಳನ್ನು ಕರೆಸಿಕೊಂಡರು. ಮರುದಿನ ಅಕ್ಕಯ್ಯಮ್ಮ ಹೋದಾಗ ಇನ್ನೊಬ್ಬಳ ಗಂಟು ಅಲ್ಲಿ ಕೂತಿತ್ತು.

ಇಪ್ಪತ್ತೈದು ವರ್ಷದಲ್ಲಿ ಕೈತಪ್ಪಿದ ಮೊದಲ ಮನೆ ಅದು. ಆ ಮಾತು ಹೇಳುವಾಗ ಅವರ ಕಣ್ಣು ತುಂಬುತ್ತದೆ, ಹಿಂದೆಯೇ ಸಿಟ್ಟೂ ಬರುತ್ತದೆ. "ಹುಟ್ಟು ಸಾವು ರೈಲಿನ ಟೈಮ್ ನೋಡ್ಕೊಂಡು ಬರಲ್ಲ ಸ್ವಾಮಿ. ಕರೆದಾಗ ಇಲ್ಲ ಅಂದ್ರೆ ನಾನ್ಯಾತರ ಅಗಸಗಿತ್ತಿ? ಬಯಲು ತಗೊಂಡು ಮನೆಗಳನ್ನ ಕಳ್ಕೊಂಡ್ರೆ ಬಯಲಲ್ಲಿ ಒಣಗಿಸೋದೇನು, ನನ್ನ ತಲೇನಾ?"

ಹಾಗೆ ಮಾರೇನಹಳ್ಳಿ ಗಟ್ಟಿಯಾಯಿತು. ಅಲ್ಲಿಂದ ರಾಜಾಜಿನಗರಕ್ಕೆ ಮುಕ್ಕಾಲು ಗಂಟೆಯ ನಡಿಗೆ. ಆದರೆ ಜಾಗದ ಒಡೆಯ ತಿಮ್ಮಯ್ಯನವರು ಹೊಸ ತಕರಾರು ತೆಗೆದರು. ಅಕ್ಕಪಕ್ಕ ದೊಡ್ಡ ದೊಡ್ಡ ಆಫೀಸರುಗಳು ಸೈಟು ಕೊಳ್ಳುತ್ತಿದ್ದಾರೆ. ಅಗಸರ ಹಗ್ಗ, ಅಗಸರ ಕತ್ತೆ ಕಂಡರೆ ಓಡಿಹೋಗುತ್ತಾರೆ. ಇಲ್ಲಿ ವಾಸ ಮಾಡು, ಒಗೆಯುವ ಕೆಲಸ ಮಾತ್ರ ಬೇಡ ಎಂದರು. ತಿಮ್ಮಯ್ಯನವರ ಮನೆಯ ಬಟ್ಟೆಯೂ ಅಕ್ಕಯ್ಯಮ್ಮನ ಲೆಕ್ಕದ್ದೇ. ಆ ವಾರದ ಗಂಟನ್ನು ಹಾಗೆಯೇ, ಒಗೆಯದೆ, ತಂದು ಅವರ ಜಗಲಿಯ ಮೇಲಿಟ್ಟರು.

"ತಿಮ್ಮಯ್ಯೋರೆ, ನನ್ನ ಹಗ್ಗ ಬೇಡ ಅಂದ್ರೆ ನಿಮ್ಮ ಪಂಚೆ ಎಲ್ಲಿ ಒಣಗ್ಲಿ? ಸೈಟ್ ಕೊಡಿ, ಇಲ್ಲಾಂದ್ರೆ ನೀವೇ ಒಗ್ಕೊಳಿ."

ಇಷ್ಟೇ ಹೇಳಿ ತಿರುಗಿಯೂ ನೋಡದೆ ಬಂದರು. ಊರಿನ ಬೇರೆ ಮಡಿವಾಳರೂ ಆ ಗಂಟಿಗೆ ಕೈ ಹಚ್ಚಲಿಲ್ಲ. ಒಬ್ಬರು ಒಲ್ಲೆನೆಂದು ಇಳಿಸಿದ ಗಂಟನ್ನು ಇನ್ನೊಬ್ಬರು ಎತ್ತುವುದಿಲ್ಲವೆಂಬ ಕಟ್ಟು ಅವರಲ್ಲಿದೆ. ಒಂಬತ್ತನೆಯ ದಿನ ತಿಮ್ಮಯ್ಯನವರು ಮಾಸಲು ಪಂಚೆಯಲ್ಲಿ ತಾವೇ ಶೆಡ್ಡಿನ ಮುಂದೆ ನಿಂತಿದ್ದರು. ಷರತ್ತಿನ ಮಾತು ಅವರೂ ಎತ್ತಲಿಲ್ಲ, ಇವರೂ ಎತ್ತಲಿಲ್ಲ. ಹೋದ ತಿಂಗಳು ಕ್ರಯಪತ್ರವಾಯಿತು, ಅಕ್ಕಯ್ಯಮ್ಮನ ಹೆಸರಿಗೇ. ಮೈದುನ ಸಾಕ್ಷಿ ಹಾಕಿದ.

ಈಗ ಪಾಯ ತೋಡುತ್ತಿದ್ದಾರೆ. ಗಾರೆಯವನು ಹಿತ್ತಲ ಬಾಗಿಲು ಎಲ್ಲಿಡಲಿ ಎಂದು ಎರಡು ಸಲ ಕೇಳಿದ. ಅಕ್ಕಯ್ಯಮ್ಮ ಒದ್ದೆ ಕೈ ಸೆರಗಿಗೆ ಒರೆಸಿಕೊಂಡು ಬಂದು ನಿಲ್ಲುತ್ತಾರೆ.

"ಇಪ್ಪತ್ತೈದು ವರ್ಷ ಎಲ್ಲರ ಮನೆ ಹಿತ್ತಲ ಬಾಗಿಲಲ್ಲೇ ನಿಂತಿದೀನಪ್ಪ. ನನ್ನ ಮನೆಗೆ ಅದು ಬೇಡ. ಆಫೀಸರಾಗ್ಲಿ, ಅಗಸರಾಗ್ಲಿ, ಬರೋರು ಮುಂದ್ಲ ಬಾಗಿಲಲ್ಲೇ ಬರ್ಲಿ."