ದಸ್ತಗೀರನ ಭಾನುವಾರದ ಫೋನು

ಕಾದ ಮರಳಿಗೆ ಒಂದು ವಾಸನೆಯಿದೆ. ಬಿಸಿಲಿಗೆ ಕಾದ ಹೊಳೆಯ ಮರಳಿನದಲ್ಲ. ಬೆಂಕಿಯ ಮೇಲೆ, ಕಬ್ಬಿಣದ ಬಾಣಲೆಯಲ್ಲಿ, ದಿನವಿಡೀ ಹುರಿದು ಹುರಿದು ಕಪ್ಪಗಾದ ಮರಳಿನದು. ಹರಿಹರದಲ್ಲಿ ನಮ್ಮ ಮನೆಯಿಂದ ಹೊಳೆಯ ಕಡೆಗೆ ಹೋಗುವ ದಾರಿಯಲ್ಲಿ ಸಂಜೆ ಹೊತ್ತು ಒಬ್ಬ ತಳ್ಳುಗಾಡಿಯ ಮೇಲೆ ಶೇಂಗಾ ಹುರಿಯುತ್ತಾನೆ. ಮೊನ್ನೆ ಅವನ ಗಾಡಿಯ ಪಕ್ಕ ಹಾಯುವಾಗ ಆ ವಾಸನೆ ಬಂದು ನಿಂತುಬಿಟ್ಟೆ. ಅವನು ಏನೋ ಕೇಳಿದ. ಎರಡನೆಯ ಸಲ ಕೇಳಿದಾಗ ಬೇಡವೆಂದು ತಲೆಯಾಡಿಸಿ ಮುಂದೆ ನಡೆದೆ. ಆ ವಾಸನೆಯ ಹಿಂದೆ ದಾವಣಗೆರೆಯ ಒಂದು ಮನೆಯಿತ್ತು, ಈಗ ಇಲ್ಲ. ಆ ಮನೆಯಲ್ಲಿ ನನ್ನ ಜೊತೆ ಹೈಸ್ಕೂಲು ಓದಿದ ಒಬ್ಬನಿದ್ದ, ಈಗ ಅವನೂ ಇಲ್ಲ. ನಿಮಗೂ ಅಂಥದೊಂದು ಮನೆ ಇದ್ದೀತು, ಹುಟ್ಟಿದ ಮನೆಯಲ್ಲ, ಯಾವುದೋ ಒಂದು ಕಾಲಕ್ಕೆ ಅನ್ನ ಹಾಕಿದ ಮನೆ. ಹಾಗಿದ್ದರೆ ನಾನು ಹೇಳುವುದು ನಿಮಗೆ ತೀರ ಹೊಸದಾಗಿರಲಾರದು.

ನಾನು ಒಂಬತ್ತನೇ ಕ್ಲಾಸಿನಲ್ಲಿದ್ದಾಗ ಅವ್ವ ತೀರಿಕೊಂಡಳು. ಮೂರು ದಿನದ ಜ್ವರ, ಅಷ್ಟೇ. ಅಪ್ಪ ದಾವಣಗೆರೆಯ ಒಂದು ಬಟ್ಟೆ ಗಿರಣಿಯಲ್ಲಿ ಕೆಲಸಕ್ಕಿದ್ದ, ಮೊದಲೇ ಮಾತು ಕಡಿಮೆಯ ಮನುಷ್ಯ. ಅವ್ವ ಹೋದ ಮೇಲೆ ನಮ್ಮ ಮನೆಯಲ್ಲಿ ಅಪ್ಪ ಸ್ಟವ್ವಿಗೆ ಪಂಪು ಹೊಡೆಯುವ ಸದ್ದು, ಚಿಲಕ ಹಾಕುವ ಸದ್ದು, ಇವೆರಡೇ ಉಳಿದವು. ನಾನು ಅಳಲಿಲ್ಲ. "ಹುಡುಗ ಅಳವಲ್ಲ, ಹಿಂಗ ಬಿಡಬ್ಯಾಡ್ರಿ," ಎಂದು ಅತ್ತೆ ಬೆನ್ನಿಗೆ ಎರಡು ಗುದ್ದಿದಳು. ಆದರೂ ಬರಲಿಲ್ಲ. ತಿಥಿ ಮುಗಿಯುವ ಹೊತ್ತಿಗೆ ಮಾತೂ ನಿಂತಿತು. ಬೇಕೆಂದು ನಿಲ್ಲಿಸಿದ್ದಲ್ಲ. ಕಾಲು ಜೋಮು ಹಿಡಿದಾಗ ಅದು ನಮ್ಮದೇ ಕಾಲು ಅನ್ನಿಸುವುದಿಲ್ಲವಲ್ಲ, ನನ್ನ ನಾಲಿಗೆ ಹಾಗಾಗಿತ್ತು. ದುಃಖವೆಂದು ಅದಕ್ಕೆ ಹೆಸರಿಡುವುದೂ ಕಷ್ಟ. ದುಃಖವಾಗಿದ್ದರೆ ಎಲ್ಲೋ ಒಂದು ಕಡೆ ನೋಯಬೇಕಿತ್ತು.

ಶಾಲೆಯಲ್ಲಿ ನನ್ನ ಬೆಂಚಿನಲ್ಲಿ ಕೂರುತ್ತಿದ್ದವನು ದಸ್ತಗೀರ. ಮಂಡಕ್ಕಿ ಭಟ್ಟಿಯವರ ಮನೆಯ ಹುಡುಗ. ಅವನ ಅಂಗಿಯ ತೋಳಿನಲ್ಲಿ ಯಾವಾಗಲೂ ಹೊಟ್ಟಿನ ಹೊಗೆಯ ವಾಸನೆ, ತಲೆಗೂದಲಲ್ಲಿ ಬೂದಿ. ಅದುವರೆಗೆ ನಾವು ಅಂಥ ಗೆಳೆಯರೇನಲ್ಲ. ಒಂದು ದಿನ ಗಣಿತದ ಮೇಷ್ಟ್ರು ನನ್ನನ್ನು ಎಬ್ಬಿಸಿ ಪ್ರಶ್ನೆ ಕೇಳಿದರು. ನಾನು ನಿಂತೇ ಇದ್ದೆ. ಅವರು ಬೆತ್ತ ತೆಗೆದುಕೊಂಡು ಬರುವಾಗ ದಸ್ತಗೀರ ಎದ್ದು ನಿಂತ. "ಸಾರ್, ಇವನಿಗೆ ಗೊತ್ತೈತೆ ಸಾರ್. ಮಾತು ಅಷ್ಟೆ ಬರವಲ್ದು. ನಾನು ಹೇಳ್ತೀನಿ," ಎಂದ. ಹೇಳಿದ ಉತ್ತರ ತಪ್ಪಾಗಿತ್ತು. ಇಬ್ಬರಿಗೂ ಏಟು ಬಿತ್ತು. ಬೆಂಚಿಗೆ ವಾಪಸು ಬಂದು ಅಂಗೈ ಊದಿಕೊಳ್ಳುತ್ತ, "ಸರಿಯಾದ್ದು ಯಾವ್ದು ಅಂತ ಪುಸ್ತಕದಾಗಾದ್ರೂ ಬರೆದು ತೋರಿಸಾಕೆ ಏನಾಗಿತ್ತಲೇ ನಿಂಗೆ?" ಎಂದು ಬೈದ. ಅಂದಿನಿಂದ ನಾನು ನೋಟ್‌ಬುಕ್ಕಿನ ಅಂಚಿನಲ್ಲಿ ಉತ್ತರ ಬರೆಯುವುದು, ಅವನು ಅದನ್ನು ಗಟ್ಟಿಯಾಗಿ ಓದುವುದು ನಡೆಯಿತು. ಮೇಷ್ಟ್ರುಗಳೂ ಒಪ್ಪಿಕೊಂಡರು. ಹಾಜರಿ ಕರೆದಾಗ ತನ್ನ ಹೆಸರಿಗೆ ಒಮ್ಮೆ, ನನ್ನ ಹೆಸರಿಗೆ ಒಮ್ಮೆ ಅವನೇ ಕೂಗುತ್ತಿದ್ದ.

ಅವನೇ ನನ್ನನ್ನು ಮನೆಗೆ ಕರೆದುಕೊಂಡು ಹೋದ. ಆ ಓಣಿಗೆ ತಿರುಗುವ ಮೊದಲೇ ಹೊಗೆ ಸಿಗುತ್ತಿತ್ತು. ಮುಂದೆ ಉದ್ದನೆಯ ಶೆಡ್ಡು, ಅದರೊಳಗೆ ನೆಲಕ್ಕೆ ತಗ್ಗಿದ ಒಲೆ. ದಸ್ತಗೀರನ ಅಪ್ಪ ಬರಿಮೈಯಲ್ಲಿ ಕುಳಿತು ಒಲೆಗೆ ಹೊಟ್ಟು ತೂರುತ್ತಿದ್ದರು. ಉಪ್ಪುನೀರು ಹಚ್ಚಿ ಒಣಗಿಸಿದ ಅಕ್ಕಿಯನ್ನು ಕಾದ ಮರಳಿಗೆ ಸುರಿದರೆ, ದೂರದಲ್ಲಿ ಯಾರೋ ಚಪ್ಪಾಳೆ ತಟ್ಟಿದಂಥ ಸದ್ದಾಗಿ ಬಾಣಲೆಯ ತುಂಬ ಬೆಳ್ಳಗೆ ಅರಳಿ ಮೇಲೇಳುತ್ತಿತ್ತು. ಜರಡಿಗೆ ಎತ್ತಿ ಆಡಿಸಿದರೆ ಮರಳು ಕೆಳಗೆ, ಮಂಡಕ್ಕಿ ಮೇಲೆ. ಶೆಡ್ಡಿನ ಹಿಂದೆ ಎರಡು ಕೋಣೆಯ ಮನೆ. ಮಂಡಕ್ಕಿ ಚೀಲಗಳನ್ನು ಗೋಡೆಯುದ್ದಕ್ಕೂ ಸೂರಿನವರೆಗೆ ಒಟ್ಟಿರುತ್ತಿದ್ದರು. ಅವಕ್ಕೆ ಒರಗಿ ಕುಳಿತರೆ ಬೆನ್ನಿಗೆ ಬೆಚ್ಚಗಾಗುತ್ತಿತ್ತು, ಒಳಗಿನಿಂದ ಸಣ್ಣಗೆ ಚರಚರ ಸದ್ದು ಬರುತ್ತಿತ್ತು. ಅವನ ಅಮ್ಮನನ್ನು ನಾನು ಚಾಚಿ ಎನ್ನುತ್ತಿದ್ದೆ, ಮನಸ್ಸಿನಲ್ಲಿ. ಚಾಚಿ ನನ್ನನ್ನು ಏನೂ ಕೇಳಲಿಲ್ಲ. ಅವ್ವ ಹೋದಳಂತೆ, ಪಾಪ, ಎಂದೂ ಅನ್ನಲಿಲ್ಲ. ನನಗೆಂದು ಬೇರೆ ಒಂದು ಸಣ್ಣ ಪಾತ್ರೆ ಇಟ್ಟು, ಕಾಯಿಪಲ್ಯ ಬಿಟ್ಟು ಇನ್ನೇನೂ ಅದರಲ್ಲಿ ಬೇಯಿಸದೆ, ದಿನಾ ರೊಟ್ಟಿಯ ಜೊತೆ ಬಡಿಸಿದಳು. ಸುದ್ದಿ ಅತ್ತೆಗೆ ಮುಟ್ಟಿ ಅವಳು ಬಂದು ಕೂಗಾಡಿದಾಗ ಅಪ್ಪ ಒಂದೇ ಮಾತು ಹೇಳಿದ: "ಉಣ್ಲಿ ಬಿಡು."

ಹೀಗೆ ಐದು ತಿಂಗಳಾಯಿತು. ಒಂದು ಮಧ್ಯಾಹ್ನ ಚಾಚಿಗೆ ಮೈಬಿಸಿಯಿತ್ತು, ಆದರೂ ಎದ್ದು ಬದನೆಕಾಯಿ ಪಲ್ಯ ಮಾಡಿದ್ದಳು. ನಾನು ಒಂದು ತುತ್ತು ಬಾಯಿಗಿಟ್ಟು, "ಉಪ್ಪಿಲ್ಲ," ಎಂದೆ. ಅಷ್ಟು ದಿನ ಎಲ್ಲಿತ್ತೋ ಆ ಮಾತು, ಹೇಗೆ ಬಂತೋ, ನನಗೂ ಗೊತ್ತಿಲ್ಲ. ದಸ್ತಗೀರ ಬಾಯಿ ತೆರೆದ. ಚಾಚಿ ಕಣ್ಣಲ್ಲೇ ಅವನನ್ನು ಸುಮ್ಮನಿರಿಸಿದಳು. ಡಬ್ಬಿ ತಂದು ಒಂದು ಚಿಟಿಕೆ ಉಪ್ಪು ನನ್ನ ತಾಟಿನ ಅಂಚಿಗೆ ಹಾಕಿ, "ಜ್ವರದಾಗೆ ಮರ್ತೇ ಹೋತು ನೋಡಪ್ಪ," ಎಂದಳು. ಮೂಲೆಯಲ್ಲಿ ಜಪಮಣಿ ಹಿಡಿದು ಕುಳಿತಿದ್ದ ದಸ್ತಗೀರನ ಅಜ್ಜಿ, ಮುದುಕಿ ದಾದಿ ಮಾತ್ರ, "ಈಗ ಯಾರು ಮಾತಾಡಿದ್ದು?" ಎಂದು ಕೇಳಿದಳು. ಚಾಚಿ ನನ್ನ ತಾಟಿಗೆ ಇನ್ನೊಂದು ರೊಟ್ಟಿ ಹಾಕಿದಳು. ನಾವು ಉಂಡು ಶಾಲೆಗೆ ಹೋದೆವು. ಹಾಜರಿಗೆ ಆ ದಿನವೂ ದಸ್ತಗೀರನೇ ಕೂಗಿದ, ಅಭ್ಯಾಸಬಲ.

ಹತ್ತನೇ ಕ್ಲಾಸಾದ ಮೇಲೆ ಅವನು ಭಟ್ಟಿಗೆ ಕೂತ. ನಾನು ಐಟಿಐ ಮುಗಿಸಿ ಹರಿಹರದ ಒಂದು ಕಾರ್ಖಾನೆಯಲ್ಲಿ ಲೇತ್ ಮಷಿನ್ನಿಗೆ ನಿಂತೆ, ಅಲ್ಲೇ ಮದುವೆಯಾಗಿ ಅಲ್ಲೇ ಉಳಿದೆ. ದಾವಣಗೆರೆಗೂ ಹರಿಹರಕ್ಕೂ ಬಸ್ಸಿನಲ್ಲಿ ಅರ್ಧ ತಾಸಿನ ದಾರಿ. ಅಷ್ಟು ಹತ್ತಿರವಿರುವುದರಿಂದಲೇ ಹೋಗುವುದು ಕಡಿಮೆಯಾಯಿತು. ಆದರೆ ಫೋನು ತಪ್ಪಲಿಲ್ಲ. ನನಗೆ ಭಾನುವಾರ ರಜೆ ಅಂತ ಭಾನುವಾರವೇ, ಬೆಳಿಗ್ಗೆ ಹನ್ನೊಂದಕ್ಕೆ. ಮೊದಲು ಪಕ್ಕದ ಅಂಗಡಿಯ ಫೋನು, ಆಮೇಲೆ ಮನೆಗೇ ಬಂದ ಫೋನು, ಆಮೇಲೆ ಜೇಬಿನದು. ಅವನೇ ಮಾಡುತ್ತಿದ್ದ, ಅವನೇ ಮಾತಾಡುತ್ತಿದ್ದ. ನಮ್ಮ ಕ್ಲಾಸಿನವರು ಯಾರು ಎಲ್ಲಿದ್ದಾರೆ, ಯಾರ ಮಗಳ ಮದುವೆ, ಯಾರಿಗೆ ಸಕ್ಕರೆ ಕಾಯಿಲೆ, ಯಾರು ಯಾರ ಜೊತೆ ಮಾತು ಬಿಟ್ಟರು, ಎಲ್ಲ ಅವನ ಬಾಯಲ್ಲೇ. ನಾನು ಹ್ಞೂಂ ಎನ್ನುತ್ತಿದ್ದೆ. "ಅರ್ಧ ತಾಸಾತು, ಒಂದ್ ಮಾತೂ ಆಡ್ಲಿಲ್ಲ ನೀವು. ಅವ್ರಿಗೆ ಬ್ಯಾಸರ ಬರಲ್ವಾ?" ಎಂದು ನನ್ನ ಹೆಂಡತಿ ಶಾರದ ನಗುತ್ತಿದ್ದಳು. ಬೇಸರ ಬಂದಿದ್ದರೆ ಮೂವತ್ತು ಚಿಲ್ಲರೆ ವರ್ಷ ಮಾಡುತ್ತಿದ್ದನೇ? ಆದರೆ ನಾನು ಅವನಿಗೆ ಒಂದು ಸಲವೂ ಮೊದಲು ಫೋನ್ ಮಾಡಿರಲಿಲ್ಲ ಎಂಬುದು ನನಗೆ ಹೊಳೆದದ್ದು ಬಹಳ ತಡವಾಗಿ.

ಆ ನಡುವೆ ಚಾಚಿ ಹೋದಳು, ಅವಳಿಗಿಂತ ಮೊದಲೇ ದಾದಿ, ಆಮೇಲೆ ಅವನ ಅಪ್ಪ. ಭಟ್ಟಿಯ ಒಲೆ ಆರಿತು. ಶೆಡ್ಡನ್ನೂ ಮನೆಯನ್ನೂ ಕೆಡವಿ ಅಲ್ಲಿ ಸಿಮೆಂಟಿನ ಗೋದಾಮು ಕಟ್ಟಿದರು. ದಸ್ತಗೀರ ಆವರಗೆರೆ ಕಡೆಯ ಹೊಸ ಬಡಾವಣೆಯಲ್ಲಿ ಮಗಳು ರೇಷ್ಮಾಳ ಮನೆ ಸೇರಿದ. ಇದನ್ನೆಲ್ಲ ಅವನು ಭಾನುವಾರಗಳಲ್ಲಿ ಹೇಳಿದ, ನಾನು ಹ್ಞೂಂ ಎಂದೆ. ಮನೆ ಕೆಡವಿದ ದಿನ ನಾನು ಹೋಗಿ ನೋಡಬಹುದಿತ್ತು. ಹೋಗಲಿಲ್ಲ. ಯಾಕೆಂದು ಕೇಳಿದರೆ ಹೇಳಲು ಕಾರಣವೂ ಇಲ್ಲ.

ಎರಡು ವರ್ಷದ ಹಿಂದೆ ಅವನ ಗಂಟಲಲ್ಲಿ ಗಡ್ಡೆಯಾಯಿತು. ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕೆಂದರು. ಆಪರೇಷನ್ನಿನ ಹಿಂದಿನ ದಿನ, ಭಾನುವಾರವಲ್ಲದಿದ್ದರೂ, ಫೋನ್ ಬಂತು. ಆಗಲೇ ಅವನ ದನಿ ಒಡೆದ ಡಬ್ಬಿಯ ಹಾಗಿತ್ತು.

"ಲೇ ಮಂಜ, ನಾಳೆಯಿಂದ ನನ್ನ ದನಿ ಇರಾದಿಲ್ಲ. ಏನರ ಕೇಳಾದಿದ್ರೆ ಈಗ್ಲೇ ಕೇಳಿಬಿಡು."

ನಾನು ಯೋಚಿಸಿದೆ. ಐವತ್ತು ವರ್ಷದಲ್ಲಿ ಕೇಳದೆ ಬಿಟ್ಟದ್ದು ಎಷ್ಟೋ ಇದ್ದಿರಬೇಕು. ಅಂದು ಎದ್ದು ನಿಂತು ನನ್ನ ಪರವಾಗಿ ತಪ್ಪು ಉತ್ತರ ಹೇಳಿದೆಯಲ್ಲ, ಯಾಕೆ? ಅದನ್ನಾದರೂ ಕೇಳಬಹುದಿತ್ತು. ಬಾಯಿಗೆ ಬಂದದ್ದು, "ಊಟ ಆತಾ?"

ಅವನು ಕೆಮ್ಮುತ್ತ ನಕ್ಕ. "ಉಣ್ಣಬ್ಯಾಡ ಅಂದಾರಲೇ, ನಾಳೆ ಕೊಯ್ತಾರಂತೆ." ನಗು ನಿಂತ ಮೇಲೂ ಅವನು ಸ್ವಲ್ಪ ಹೊತ್ತು ಕಾದ. ನಾನು ಇನ್ನೇನೂ ಕೇಳಲಿಲ್ಲ. "ಆತು, ಇಡ್ತೀನಿ," ಎಂದ. ನಾನು ಕೇಳಿದ ಅವನ ಕೊನೆಯ ಮಾತು ಅದು.

ಆಪರೇಷನ್ ಆಗಿ ಅವನು ಮನೆಗೆ ಬಂದನೆಂದು ತಿಳಿಯಿತು. ಮೊದಲ ಭಾನುವಾರ ಹನ್ನೊಂದಕ್ಕೆ ನಾನು ಫೋನು ಮುಂದಿಟ್ಟುಕೊಂಡು ಕುಳಿತೆ, ಅದು ರಿಂಗಾಗಲಿಲ್ಲ. ಆಗುವುದಾದರೂ ಹೇಗೆ? ಎರಡನೆಯ ಭಾನುವಾರ ಸುಮ್ಮನಿದ್ದೆ, ಮೂರನೆಯದೂ ಹಾಗೇ ಕಳೆಯಿತು. ಮಾತಾಡಲಾರದವನಿಗೆ ಫೋನ್ ಮಾಡಿ ಏನು ಹೇಳುವುದು ಎಂದು ನನಗೆ ನಾನೇ ಹೇಳಿಕೊಂಡೆ. ಸೋಮವಾರ ರೇಷ್ಮಾ ಫೋನ್ ಮಾಡಿದಳು. ಅವಳ ದನಿಯಲ್ಲಿ ಸಿಟ್ಟಿತ್ತು. "ಚಾಚಾ, ಮೂರು ಭಾನುವಾರ ಆತು. ಹನ್ನೊಂದಾಗೋದೇ ತಡ, ಅಬ್ಬಾ ಫೋನ್ ಹಿಡ್ಕಂಡು ಕೂಡ್ತಾರೆ. ಬರೆದು ಕಳಿಸ್ರಿ ಅಂದ್ರೆ ಒಲ್ಲೆ ಅಂತಾರೆ. ಅವ್ರಿಗೆ ಮಾತು ಹೋಗೈತೆ, ಕಿವಿ ಹೋಗಿಲ್ಲ."

ಮುಂದಿನ ಭಾನುವಾರ ಮಾಡಿದೆ. ರೇಷ್ಮಾ ಫೋನನ್ನು ಅವನ ಕೈಗೆ ಕೊಡುತ್ತ, ಹೌದು ಅನ್ನಲು ಒಂದು ಸಲ ಬಡಿಯುತ್ತಾರೆ, ಇಲ್ಲ ಅನ್ನಲು ಎರಡು ಸಲ, ಎಂದಳು. ನಾನು ಹೊಳೆಗೆ ನೀರು ಬಂದಿದೆ ಎಂದೆ. ಆ ಕಡೆ ಉಗುರಿನಿಂದ ಒಮ್ಮೆ ಟಕ್ ಎಂದಿತು. ಶಾರದಳಿಗೆ ಮಂಡಿನೋವು ಎಂದೆ. ಟಕ್. ಅಲ್ಲಿಗೆ ನನ್ನ ಸುದ್ದಿ ಮುಗಿದಿತ್ತು. ಅವನು ಕಾಯುತ್ತಿದ್ದಾನೆ ಎಂಬುದು ಮಾತ್ರ ಗೊತ್ತಾಗುತ್ತಿತ್ತು. ನಮ್ಮ ಕ್ಲಾಸಿನವರ ಸಮಾಚಾರ ಬೇಕೇ ಎಂದು ಕೇಳಿದೆ. ಟಕ್. ಆದರೆ ನನಗೆ ಯಾರ ಸಮಾಚಾರವೂ ಗೊತ್ತಿರಲಿಲ್ಲ. ಇಷ್ಟು ವರ್ಷ ಎಲ್ಲವೂ ಅವನಿಂದಲೇ ಬಂದದ್ದು.

ಹಾಗೆ, ಅರವತ್ತು ದಾಟಿದ ಮೇಲೆ, ರೇಷ್ಮಾಳಿಂದ ನಂಬರು ಇಸಿದುಕೊಂಡು ನಾನು ಹಳೆಯ ಸಹಪಾಠಿಗಳಿಗೆ ಫೋನ್ ಮಾಡಲು ಶುರುಮಾಡಿದೆ. "ಯಾವ ಮಂಜಪ್ಪ? ಮಾತಾಡದಿದ್ದ ಮಂಜನಾ?" ಎಂದು ಒಬ್ಬ ನಂಬಲೇ ಇಲ್ಲ. ಲೋಕಿಕೆರೆಯಲ್ಲಿ ಹೊಲಮನೆ ನೋಡಿಕೊಂಡಿದ್ದ ಕೊಟ್ರೇಶಿಗೆ ಎಲ್ಲವನ್ನೂ ಎರಡೆರಡು ಸಲ ಹೇಳಬೇಕಿತ್ತು, ಅವನ ಕಿವಿ ಮಂದ. ವಾರವಿಡೀ ಅವರಿವರನ್ನು ಕೇಳಿ ಚೀಟಿಯ ಮೇಲೆ ಗುರುತು ಹಾಕಿಕೊಂಡು ಭಾನುವಾರ ಒಂದೊಂದಾಗಿ ಹೇಳುತ್ತಿದ್ದೆ. ಸುಳ್ಳು ಸುದ್ದಿಯಾದರೆ ಅವನಿಗೆ ಹೇಗೋ ತಿಳಿದು ಎರಡು ಸಲ ಬಡಿಯುತ್ತಿದ್ದ. ಇಷ್ಟವಾದದ್ದಾದರೆ ಟಕಟಕಟಕ ಎಂದು ತಬಲದ ಹಾಗೆ ಬಾರಿಸುತ್ತಿದ್ದ, ಅದು ಅವನ ನಗು. ಒಂದೂವರೆ ವರ್ಷ ಹೀಗೆ ನಡೆಯಿತು. ಆ ದಿನಗಳಲ್ಲಿ ನಾನು ಸಂತೋಷವಾಗಿದ್ದೆನೇ ಎಂದರೆ, ಇದ್ದೆನೇನೋ. ಆಗ ಗೊತ್ತಾಗಲಿಲ್ಲ.

ಈ ಬೇಸಿಗೆಯಲ್ಲಿ ಅವನು ಹೋದ. ಬೆಳಿಗ್ಗೆ ರೇಷ್ಮಾ ಹೇಳಿದಳು, ನಾನು ಬಸ್ಸು ಹತ್ತಿದೆ. ಗೋರಿಸ್ಥಾನದಲ್ಲಿ ನನ್ನ ಸರದಿ ಬಂದಾಗ ಮೂರು ಹಿಡಿ ಮಣ್ಣು ಹಾಕಿದೆ, ಮಣ್ಣು ಒಣಗಿತ್ತು. ಯಾರೋ ಅಳುತ್ತಿದ್ದರು. ಕೈತೊಳೆಯಲು ನಲ್ಲಿ ಎಲ್ಲಿದೆಯೆಂದು ಹುಡುಕುತ್ತಿದ್ದೆ. ರೇಷ್ಮಾ ಚಹಾ ಕೊಟ್ಟಳು, ಕುಡಿದೆ. "ಚಾಚಾ, ಅಳ್ರಿ, ಹಗುರಾಗ್ತದೆ," ಎಂದಳು. ಅವಳ ತಲೆ ಮುಟ್ಟಿ ಬಸ್ಸಿಗೆ ಬಂದೆ. ಕಿಟಕಿಯ ಪಕ್ಕ ಸೀಟು ಸಿಕ್ಕಿತು. ಹರಿಹರ ಬರುವವರೆಗೂ ಹೊರಗೆ ನೋಡಿದೆ, ಏನು ನೋಡಿದೆನೆಂದು ಈಗ ನೆನಪಿಲ್ಲ.

ಮರುದಿನ ಬೆಳಿಗ್ಗೆ ಮನೆಯ ಮುಂದಿನ ಕಟ್ಟೆಯ ಮೇಲೆ ಕುಳಿತು ಕ್ಲಾಸಿನವರಿಗೆಲ್ಲ ತಿಳಿಸಲು ಶುರುಮಾಡಿದೆ. ಇನ್ನಾರು ತಿಳಿಸಬೇಕು? "ದಸ್ತಗೀರ ನಿನ್ನೆ ತೀರಿಕೊಂಡ. ಮಣ್ಣೂ ಆತು." ನಾಲ್ಕನೆಯವನಿಗೆ ಹೇಳುವ ಹೊತ್ತಿಗೆ ಆ ಮಾತು ಬಸ್ಸಿನ ಹೊತ್ತು ಹೇಳಿದಷ್ಟು ಸಲೀಸಾಗಿ ಬರುತ್ತಿತ್ತು. ಒಬ್ಬ ಅಯ್ಯೋ ಎಂದ. ಒಬ್ಬ ವಯಸ್ಸೆಷ್ಟು ಎಂದು ಕೇಳಿದ, ನಮ್ಮದೇ ವಯಸ್ಸು ಎಂದೆ. ಕೊನೆಗೆ ಕೊಟ್ರೇಶಿ.

"ದಸ್ತಗೀರ ತೀರಿಕೊಂಡ."

"ಆಂ?"

"ದಸ್ತಗೀರ. ನಿನ್ನೆ ಹೋದ."

"ಯಾರಪಾ? ಕೇಳವಲ್ದು."

ನಾನು ಎದ್ದು ನಿಂತೆ. "ದಸ್ತಗೀರ ಹೋದ ಕೊಟ್ರೇಶಿ! ನಮ್ಮ ದಸ್ತಗೀರ! ಸತ್ತ!" ಅಷ್ಟು ಗಟ್ಟಿಯಾಗಿ ನಾನು ಹುಟ್ಟಿದಾಗಿನಿಂದ ಕೂಗಿರಲಿಲ್ಲ. ಎದುರು ಮನೆಯವರು ಕಿಟಕಿ ತೆಗೆದರು. ಒಳಗೆ ಶಾರದ ಪಾತ್ರೆ ತೊಳೆಯುವುದನ್ನು ನಿಲ್ಲಿಸಿದಳು.

ಆ ಕಡೆ ಎಲ್ಲೋ ದೂರದ ಹೊಲದಲ್ಲಿ ಟ್ರ್ಯಾಕ್ಟರ್ ಓಡುವುದು ಕೇಳಿಸುತ್ತಿತ್ತು.

"ಕೂಗಬ್ಯಾಡಪಾ ಮಂಜ," ಎಂದ ಕೊಟ್ರೇಶಿ, ಮೆಲ್ಲಗೆ. "ಮದ್ಲು ಹೇಳಿದಾಗ್ಲೇ ಕೇಳ್ತು."

ನಾನು ಮತ್ತೆ ಕಟ್ಟೆಯ ಮೇಲೆ ಕುಳಿತೆ. ಫೋನನ್ನು ಅವನೂ ಇಡಲಿಲ್ಲ, ನಾನೂ ಇಡಲಿಲ್ಲ. ಬಿಸಿಲು ಮೆಟ್ಟಿಲಿನಿಂದ ಮೇಲೆ ಬಂದು ನನ್ನ ಪಾದ ಮುಟ್ಟುವವರೆಗೂ ಇಬ್ಬರೂ ಹಾಗೇ ಹಿಡಿದುಕೊಂಡಿದ್ದೆವು.