ಬೆಡೋಕ್‌ನಲ್ಲಿ ಸಿಕ್ಕ ಬೇಸ್‌ಬಾಲ್ ಮ್ಯಾನೇಜರ್

ಸಿಂಗಪುರದ ಬೆಡೋಕ್‌ನಲ್ಲಿ, ಸಾಲು ತಿಂಡಿ ಅಂಗಡಿಗಳ ಹಾಕರ್ ಸೆಂಟರಿನಲ್ಲಿ ನಮ್ಮ ಮೇಜಿಗೆ ಬಂದು ಕೂತ ಜಪಾನಿ ಹಿರಿಯರು ತಮ್ಮ ದೇಶದಲ್ಲಿ ಬೇಸ್‌ಬಾಲ್ ಮ್ಯಾನೇಜರ್ ಆಗಿದ್ದರಂತೆ.

"ಟೀಮ್‌ಗೆ ಹೋಟೆಲ್ ಬುಕ್ ಮಾಡೋ ಕೆಲಸನಾ ಅಂಕಲ್?" ಎಂದ ಇಲ್ಲಿನ ಐಟಿ ಕಂಪನಿಯಲ್ಲಿರುವ ನನ್ನ ಗೆಳೆಯ ಸುರೇಶ. ನನಗೆ ಮೈಯುರಿಯಿತು.

ಅವರು ತಾಳ್ಮೆಯಿಂದ ವಿವರಿಸಿದರು: ಆಟಗಾರರ ಹಾಗೇ ಸಮವಸ್ತ್ರ ತೊಟ್ಟು, ಯಾರು ಆಡಬೇಕೆಂದು ನಿರ್ಧರಿಸುವವನೇ ಮ್ಯಾನೇಜರ್, ಸೋಲು ಗೆಲುವೆಲ್ಲ ಅವನ ಹೆಸರಿಗೇ ದಾಖಲಾಗುತ್ತದೆ.

ಸುರೇಶ ತಕ್ಷಣ ಅವರ ಹೆಸರನ್ನು ಮೊಬೈಲಿನಲ್ಲಿ ಹುಡುಕಿದ. "ಅಯ್ಯೋ ಅಂಕಲ್, ಸೋತಿದ್ದೇ ಜಾಸ್ತಿ!" ಮೇಜಿನಡಿ ಅವನ ಕಾಲು ತುಳಿದೆ.

"ಕೊನೆಯ ಪಂದ್ಯ ಗೆದ್ದಿದ್ದೆವು," ಎಂದರು ಹಿರಿಯರು ಮೆಲ್ಲಗೆ. "ಮರುದಿನ ತಂಡದ ಮಾಲೀಕರು ಸಮವಸ್ತ್ರ ಬಿಚ್ಚಿಟ್ಟು ಹೋಗಿ ಅಂದರು. ಅದನ್ನು ಮಡಚಲು ನನಗೆ ಬಹಳ ಹೊತ್ತು ಹಿಡಿಯಿತು."

ಆಗಲಾದರೂ ಅವನು ಸುಮ್ಮನಿರಬಾರದೇ? "ಅದಕ್ಕೆ ಮುಂಚೆ ನೀವೇ ಜಾಬ್ ಸ್ವಿಚ್ ಮಾಡ್ಬೇಕಿತ್ತು ಅಂಕಲ್, ಸಂಬಳದಲ್ಲಿ ಹೈಕ್ ಸಿಗ್ತಿತ್ತು!"

ಅರ್ಧ ಊಟದಲ್ಲೇ ಟ್ರೇ ಎತ್ತಿಕೊಂಡು ಎದ್ದೆ.