ಹರ್ಷಿತಾಳಿಗೆಂದೇ ಜೋಡಿಸಿದ ಡೆಕ್ಕು

ಭಾನುವಾರ ಬೆಳಗಾದರೆ ಸಾಕು, ತುಮಕೂರಿನ ಝುಬೇರನಿಗೆ ಹೊಟ್ಟೆಯುರಿ ಶುರುವಾಗುತ್ತದೆ. ಕಾರ್ಡ್ ಟೂರ್ನಮೆಂಟಿಗೆ ಗುಬ್ಬಿ ಬಸ್ಸಿನಲ್ಲಿ ಹರ್ಷಿತಾ ಬರುತ್ತಾಳಲ್ಲ! ಅವಳು ಗೆದ್ದರೆ "ಲಕ್ಕು ಕಣೋ, ಆಟ ಎಲ್ಲೈತೆ?" ಎನ್ನುತ್ತಾನೆ, ಅವಳು ಸೋತ ದಿನ ಮಾತ್ರ ಎಲ್ಲರಿಗೂ ಅವನೇ ಟೀ ಕೊಡಿಸುತ್ತಾನೆ. ಈ ಆಟದಲ್ಲಿ ಬೆಂಕಿ, ನೀರು, ಗಾಳಿ ಎಂದು ಬಗೆಬಗೆಯ ಕಾರ್ಡುಗಳಿದ್ದು, ಪ್ರತಿಯೊಬ್ಬರೂ ತಮಗೆ ಬೇಕಾದ್ದನ್ನು ಆರಿಸಿ ತಮ್ಮದೇ ಕಟ್ಟು, ಅಂದರೆ ಡೆಕ್ಕು, ಮಾಡಿಕೊಂಡು ಬರುತ್ತಾರೆ. ಊರಿನ ಆಟಗಾರರೆಲ್ಲ ಟ್ರೆಂಡು ನೋಡಿ ಗಾಳಿ ಕಾರ್ಡುಗಳ ಡೆಕ್ಕು ಜೋಡಿಸಿಕೊಂಡಿದ್ದರೂ ಅವಳೊಬ್ಬಳು ಬೆಂಕಿ ಕಾರ್ಡುಗಳನ್ನೇ ಆಡುತ್ತಾಳೆ. ಆ ಬೆಂಕಿ ಆರಿಸಲೆಂದೇ ಝುಬೇರ್ ತನ್ನ ಡೆಕ್ಕಿಗೆ ಬರೀ ನೀರಿನ ಕಾರ್ಡು ತುಂಬಿದ್ದಾನೆ. ಗಾಳಿಯ ಮುಂದೆ ನೀರಿನ ಆಟ ನಡೆಯುವುದಿಲ್ಲ. ಹಾಗಾಗಿ ಪ್ರತಿ ಸಲವೂ ಮೊದಲ ಸುತ್ತಿನಲ್ಲೇ ಬೇರೆ ಯಾರಿಗೋ ಸೋತು, ಅವಳ ಕುರ್ಚಿಯ ಹಿಂದೆ ನಿಂತು, "ನನ್ ಕೈಗೆ ಸಿಕ್ಕಿದ್ರೆ ಗೊತ್ತಾಗ್ತಿತ್ತು" ಎಂದು ಗೊಣಗುತ್ತಾನೆ. ಇದಕ್ಕಾಗಿ ಅವನು ಬಿಚ್ಚಿಹಾಕಿದ್ದು ವರ್ಷಗಟ್ಟಲೆ ತಿದ್ದಿ ತೀಡಿದ್ದ ತನ್ನ ಆಮೆ ಕಾರ್ಡುಗಳ ಡೆಕ್ಕನ್ನು. ನಿಧಾನವೆಂದು ಎಲ್ಲರೂ ನಗುತ್ತಿದ್ದ, ಆದರೆ ಯಾವ ಗಾಳಿಗೂ ಅಲ್ಲಾಡದ ಡೆಕ್ಕು ಅದು. ಕಳೆದ ಭಾನುವಾರ ಕೊನೆಗೂ ಮೊದಲ ಸುತ್ತಿಗೇ ಹರ್ಷಿತಾ ಅವನೆದುರು ಬಂದು ಕೂತಳು. ಝುಬೇರ್ ಅಂಗಿಯ ತೋಳು ಮಡಚಿ ಬೆಂಕಿಗಾಗಿ ಕಾದ. ಅವಳು ಮೇಜಿನ ಮೇಲಿಟ್ಟದ್ದು ಆಮೆ. "ನಿಮ್ ಹಳೇ ಡೆಕ್ಕೇ ಝುಬೇರಣ್ಣ, ನಿಮ್ಮನ್ನ ನೋಡ್ ನೋಡೇ ಕಲ್ತೆ. ಎಲ್ರೂ ಗಾಳಿ ಆಡೋ ಟೈಮಲ್ಲಿ ಇದನ್ನ ಯಾಕ್ ಬಿಟ್ರಿ?" ಝುಬೇರನ ಕೈತುಂಬ ಈಗ ಕೆಲಸಕ್ಕೆ ಬಾರದ ನೀರು. ಆದರೂ ಅವಳು ಎರಡನೆಯ ಆಮೆಯನ್ನು ಮುಂದಿನ ಸಾಲಿಗೆ ಇಡಲು ಹೋದಾಗ ಅವನಿಗೆ ತಡೆಯಲಾಗಲಿಲ್ಲ. "ಅಲ್ಲಲ್ಲ, ಅದನ್ನ ಹಿಂದಿಡಮ್ಮ," ಎಂದ, "ಡೆಕ್ ಕೆಡಿಸ್ಬೇಡ."